ಒಳಬರುವ ಸಂಪರ್ಕ ಸೊನ್ನೆ

ನಾನು ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ತಲೆಗೆ ಹೆಡ್‌ಫೋನು, ಎದುರಿಗೆ ನೂರು ತೂತಿನ ಬೋರ್ಡು, ಎರಡೂ ಕೈಯಲ್ಲಿ ವೈರು. ಊರಿನ ಸಾವು, ಹೆರಿಗೆ, ಮದುವೆ ಮಾತುಕತೆ, ಎಲ್ಲವೂ ನನ್ನ ಬೆರಳು ದಾಟಿಯೇ ಹೋಗಬೇಕಿತ್ತು. ಆಮೇಲೆ ತಾನೇ ಜೋಡಿಸಿಕೊಳ್ಳುವ ಯಂತ್ರ ಬಂತು, ನಮ್ಮನ್ನು ಕಡತದ ಕೋಣೆಗೆ ಕಳಿಸಿದರು. ಅಲ್ಲಿ ಒಂಬತ್ತು ವರ್ಷ ಧೂಳು ಕೊಡವಿ ನಿವೃತ್ತಳಾದೆ. ಅಳಿಯ ಆ ಭಾನುವಾರ ಆಡಿದ ಮಾತು ನನ್ನನ್ನು ಯಾಕೆ ಅಷ್ಟು ಚುಚ್ಚಿತು ಎಂದು ತಿಳಿಯಲಿ ಅಂತ ಇದನ್ನು ಮೊದಲೇ ಹೇಳಿದೆ.

ಅಳಿಯ ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ಒಳ್ಳೆಯವನೇ, ಆದರೆ ಊಟದ ಮೇಜನ್ನೂ ಕ್ಲಾಸ್‌ರೂಮು ಅಂದುಕೊಂಡವನು. ಅವತ್ತಿನ ಪಾಠ ಬಿಟ್‌ಕಾಯಿನ್.

"ಇದರ ಸೊಗಸೇ ಅದು ಮಾವ. ಮಧ್ಯದಲ್ಲಿ ಯಾರೂ ಇರಲ್ಲ. ಬ್ಯಾಂಕಿಲ್ಲ, ಆಫೀಸಿಲ್ಲ, ಆಪರೇಟರಿಲ್ಲ."

"ಹಾಗಾದ್ರೆ ಈ ಕಡೆಯವನ ಮಾತನ್ನ ಆ ಕಡೆಯವನಿಗೆ ಯಾರು ಮುಟ್ಟಿಸ್ತಾರೆ? ಗಾಳೀನಾ?" ಎಂದೆ.

"ನೋಡ್ ಅಂತ ಇರ್ತವೆ ಅತ್ತೆ. ಪ್ರಪಂಚದ ತುಂಬ ಸಾವಿರಾರು ಕಂಪ್ಯೂಟರು. ಒಂದೊಂದರಲ್ಲೂ ಮೊದಲ ದಿನದಿಂದ ಇವತ್ತಿನವರೆಗೆ ಪೂರ್ತಿ ದಾಖಲೆ. ಒಂದನ್ನೊಂದು ಕೇಳ್ಕೊಂಡು, ಸರಿಯಿದೆಯಾ ಅಂತ ತಾವೇ ನೋಡ್ಕೊಂಡು, ಮುಂದಿನವರಿಗೆ ದಾಟಿಸ್ತವೆ."

"ಅಂದ್ರೆ ಮಧ್ಯದಲ್ಲಿ ಯಾರೂ ಇಲ್ಲ ಅಂತಲ್ಲ, ಎಲ್ಲರೂ ಆಪರೇಟರೇ ಅಂತ. ನಾನೂ ಒಂದು ಇಡಬಹುದಾ?"

ಮಗಳಿಗೆ ನೀರು ನೆತ್ತಿಗೇರಿತು. ನಮ್ಮ ಯಜಮಾನರು, "ಇವಳು ಇಸ್ತ್ರಿಪೆಟ್ಟಿಗೆ ಕೆಟ್ರೆ ನನ್ನನ್ನ ಕರೀತಾಳೆ" ಎಂದು ನಕ್ಕರು. ಶುದ್ಧ ಸುಳ್ಳು. ನಮ್ಮ ಮನೆಯಲ್ಲಿ ಫ್ಯೂಸ್ ಹಾಕುವವಳು ನಾನು, ಟಾರ್ಚ್ ಹಿಡಿಯುವವರು ಅವರು. ಅಳಿಯ ನಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದ. "ಪಾಪ, ಆಸೆಪಡ್ತಿದಾರೆ. ನಾನೇ ಮಾಡ್ಕೊಡ್ತೀನಿ ಅತ್ತೆ, ನೀವು ಸುಮ್ನೆ ನೋಡ್ಕೊಂಡಿರಿ" ಎಂದ.

ಸುಮ್ಮನೆ ನೋಡಿಕೊಂಡಿರುವ ಕೆಲಸವನ್ನು ಒಂಬತ್ತು ವರ್ಷ ಮಾಡಿ ನನಗೆ ಸಾಕಾಗಿತ್ತು. ಮೈಯೆಲ್ಲ ಉರಿಯಿತು. "ಒಂದು ತಿಂಗಳಲ್ಲಿ ನನ್ನ ಕೈಯಾರೆ ಒಂದು ನೋಡ್ ಎಬ್ಬಿಸ್ತೀನಿ. ಆಗದಿದ್ರೆ ಇನ್ಮೇಲೆ ನೀವು ಹೇಳಿದ್ದಕ್ಕೆಲ್ಲ ಹೂಂಗುಟ್ಕೊಂಡು ಮೂಲೇಲಿ ಕೂತಿರ್ತೀನಿ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಗಳ ಹಳೆಯ ಲ್ಯಾಪ್‌ಟಾಪನ್ನು ಇಸ್ತ್ರಿ ಮೇಜಿನ ಮೇಲಿಟ್ಟುಕೊಂಡು ಕೂತೆ. ನೋಡ್ ಓಡಿಸಲು ಆರಿಸಿಕೊಂಡದ್ದು ಕ್ಲೌಡ್ ಸರ್ವರ್. ಅಂದರೆ ಮೋಡವೂ ಅಲ್ಲ, ಮಣ್ಣೂ ಅಲ್ಲ. ಎಲ್ಲೋ ದೊಡ್ಡ ಕಟ್ಟಡದಲ್ಲಿ ನಮ್ಮ ಹೆಸರಲ್ಲಿ ಓಡುವ ಬಾಡಿಗೆ ಕಂಪ್ಯೂಟರು. ನಾವು ಮನೆಯಿಂದ ಅದಕ್ಕೆ ಆಜ್ಞೆ ಕೊಡಬೇಕು. ಬಾಡಿಗೆಗೆ ಹಿಡಿಯುವಾಗಲೇ ಒಂದು ಪುಟ ಬಂತು: ಯಾರ್‍ಯಾರನ್ನು ಒಳಗೆ ಬಿಡಬೇಕು? ನನ್ನೊಬ್ಬಳನ್ನು ಬಿಟ್ಟು ಯಾರನ್ನೂ ಬೇಡ ಎಂದು ಗುರುತು ಹಾಕಿದೆ. ಎಕ್ಸ್‌ಚೇಂಜಿನ ಕೋಣೆಗೆ ಮಂತ್ರಿಯನ್ನೂ ಬಿಡದವಳು ನಾನು.

ಮೊದಲ ಸಲ ಡಿಸ್ಕು ಸಣ್ಣದಾಯಿತು, ಮೂರನೇ ದಿನ ತುಂಬಿ ನಿಂತಿತು. ಎರಡನೇ ಸಲ ಲ್ಯಾಪ್‌ಟಾಪು ಮುಚ್ಚಿ ಮಲಗಿದೆ, ಬೆಳಿಗ್ಗೆ ನೋಡಿದರೆ ಸರ್ವರಿನಲ್ಲಿ ನಾನು ಹಾಕಿದ್ದ ನೋಡ್ ಕೂಡ ಮಲಗಿತ್ತು. ಮೂರನೇ ಸಲ, ನಾನಿರಲಿ ಬಿಡಲಿ ತಾನೇ ಓಡುವಂತೆ ಕಟ್ಟಿದೆ. ಅಳಿಯ ಫೋನ್ ಮಾಡಿ, "ನನ್ನ ಹತ್ರ ಪೂರ್ತಿ ದಾಖಲೆ ಇದೆ ಅತ್ತೆ, ಕಾಪಿ ಮಾಡ್ಕೊಂಡ್ಬಿಡಿ" ಎಂದ. ಬೇಡ ಎಂದೆ. ಎರವಲು ಒಡವೆ ಹಾಕಿಕೊಂಡು ಮೆರೆಯುವ ಜಾಯಮಾನ ನನ್ನದಲ್ಲ.

ಹನ್ನೊಂದು ದಿನ ನನ್ನ ನೋಡ್ ಬೇರೆ ನೋಡ್ ಗಳಿಂದ ದಾಖಲೆ ತರಿಸಿಕೊಂಡು ಓದಿತು. ಸಾಲಿನ ಮೇಲೆ ಸಾಲು, ಒಂದೊಂದು ಕಟ್ಟನ್ನೂ ಬಿಚ್ಚಿ, ಪರೀಕ್ಷಿಸಿ, ಜೋಡಿಸಿಕೊಂಡು ಹೋಯಿತು. ಪಕ್ಕದ ಮನೆಯಾಕೆ ಇಣುಕಿ, "ತಿಂಗಳಿಗೆ ಎಷ್ಟು ಬರುತ್ತೆ?" ಎಂದಳು. ಏನೂ ಬರಲ್ಲ ಎಂದೆ. "ಮತ್ಯಾಕೆ ಕಾಯ್ತೀರಿ?" ಎಂದಳು. "ನಿಮ್ಮ ನಾಯಿಗೆ ತಿಂಗಳಿಗೆ ಎಷ್ಟು ಬರುತ್ತೆ?" ಎಂದೆ. ಎರಡು ದಿನ ಮಾತು ಬಿಟ್ಟಳು, ನನಗೂ ಕೆಲಸಕ್ಕೆ ಅನುಕೂಲವಾಯಿತು.

ಇಪ್ಪತ್ತಾರನೇ ದಿನ ಓದು ಮುಗಿಯಿತು. ಮಗಳು ಅಳಿಯ ಓಡಿ ಬಂದರು. ಅಳಿಯ ಪರದೆ ನೋಡಿ ಚಪ್ಪಾಳೆ ತಟ್ಟಿದ. "ಗೆದ್ರಿ ಅತ್ತೆ! ಮುಗೀತು."

ನನ್ನ ಕಣ್ಣು ಕೆಳಗಿನ ಎರಡು ಸಾಲಿನ ಮೇಲಿತ್ತು. ಹೊರಹೋಗುವ ಸಂಪರ್ಕ ಹತ್ತು. ಒಳಬರುವ ಸಂಪರ್ಕ ಸೊನ್ನೆ.

"ಇದೇನು?"

"ಅದಾ? ನಾವು ಹತ್ತು ಜನರನ್ನ ಕೇಳ್ತಿದೀವಿ, ನಮ್ಮನ್ನ ಯಾರೂ ಕೇಳ್ತಿಲ್ಲ. ಪರವಾಗಿಲ್ಲ ಬಿಡಿ, ಬಹಳ ಜನರದ್ದು ಹೀಗೇ ಇರುತ್ತೆ."

"ಇದ್ದರೆ ಇರಲಿ. ಕರೆ ಮಾಡೋಕಾಗುತ್ತೆ, ಬರೋ ಕರೆ ಬರಲ್ಲ ಅಂದ್ರೆ ಅದು ಸತ್ತ ಲೈನು. ನಾನು ಗೆದ್ದಿಲ್ಲ."

ಯಜಮಾನರು, "ಅವರೇ ಸಾಕು ಅಂದ್ಮೇಲೆ ನಿಂದೇನು?" ಎಂದರು. ನನ್ನದು ಏನೆಂದರೆ, ಬರೀ ಇಸಿದುಕೊಳ್ಳುವವಳು ಆಪರೇಟರಲ್ಲ, ಗಿರಾಕಿ. ನಾನು ಆಗಬೇಕಿದ್ದದ್ದು ಗಿರಾಕಿಯಲ್ಲ. ಇನ್ನು ನಾಲ್ಕು ದಿನ ಉಳಿದಿತ್ತು.

ಲೈನು ಕೆಟ್ಟರೆ ನಾವು ಊಹೆ ಮಾಡುತ್ತಿರಲಿಲ್ಲ. ಒಂದು ತುದಿಯಿಂದ ತಟ್ಟಿ, ಸದ್ದು ಎಲ್ಲಿಯವರೆಗೆ ಬಂತು ಎಂದು ಇನ್ನೊಂದು ತುದಿಯಲ್ಲಿ ಕೇಳುತ್ತಿದ್ದೆವು. ಮರುದಿನ ಬೆಳಿಗ್ಗೆ ಅಳಿಯನಿಗೆ ಫೋನ್ ಮಾಡಿ, "ನಿಮ್ಮ ಕಾಲೇಜಿಂದ ನನ್ನ ಸರ್ವರಿನ ಬಾಗಿಲು ತಟ್ಟಿ" ಎಂದೆ. ಸರ್ವರಿನ ಬಾಗಿಲಿಗೆ ಏನು ತಾಕಿದರೂ ತೋರಿಸುವ ಆಜ್ಞೆ ಕೊಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕೂತೆ.

"ತಟ್ಟಿದೆ ಅತ್ತೆ."

ಒಂದು ಸಾಲೂ ಮೂಡಲಿಲ್ಲ.

"ಇನ್ನೊಂದ್ಸಲ."

"ತಟ್ಟಿದೆ. ಉತ್ತರ ಇಲ್ಲ. ನೋಡಿನ ಸೆಟ್ಟಿಂಗ್ ತಪ್ಪಿರಬೇಕು, ಮತ್ತೆ ಹಾಕಿ ನೋಡಿ."

"ಸುಮ್ನಿರಿ. ಒಳಗೆ ಕೆಟ್ಟಿದ್ರೆ ತಟ್ಟಿದ ಸದ್ದಾದ್ರೂ ಕೇಳಬೇಕಿತ್ತು. ಸದ್ದೇ ಬರ್ತಿಲ್ಲ. ತಡೀತಿರೋದು ಮನೆ ಬಾಗಿಲಲ್ಲ, ಅದರ ಆಚೆ ಗೇಟು."

ಹೇಳುತ್ತಿದ್ದಂತೆಯೇ ನಾಲಿಗೆ ಕಚ್ಚಿಕೊಂಡೆ. ಆ ಗೇಟಿಗೆ ಬೀಗ ಜಡಿದವಳು ನಾನೇ. ಬಾಡಿಗೆಗೆ ಹಿಡಿದ ದಿನ ಕ್ಲೌಡ್ ಕಂಪನಿಯ ಪುಟದಲ್ಲಿ, ಯಾರನ್ನೂ ಬಿಡಬೇಡಿ ಎಂದು ಎಷ್ಟು ಜಂಬದಿಂದ ಗುರುತು ಹಾಕಿದ್ದೆ! ಮಂತ್ರಿಯನ್ನು ಕೋಣೆಗೆ ಬಿಡುತ್ತಿರಲಿಲ್ಲ ನಿಜ, ಆದರೆ ಅವನ ಕರೆಯನ್ನು ಯಾವತ್ತೂ ತಡೆದವಳಲ್ಲ. ಕೋಣೆ ಬೇರೆ, ಲೈನು ಬೇರೆ. ಇಷ್ಟು ವರ್ಷದ ಕಸುಬಿನವಳು ಅದನ್ನು ಮರೆತಿದ್ದೆನಲ್ಲ ಎಂದು ನನ್ನ ಮೇಲೆಯೇ ಕೋಪ ಬಂತು.

ಆ ಪುಟ ತೆರೆದೆ. ನನ್ನ ಕೋಣೆಯ ಬೀಗ ಹಾಗೇ ಇಟ್ಟು, ಬೇರೆ ನೋಡುಗಳು ಕರೆಯುವ ಲೈನಿನದ್ದು ಒಂದನ್ನು ಮಾತ್ರ ತೆಗೆದೆ. "ಈಗ ತಟ್ಟಿ."

ಸಾಲು ಮೂಡಿತು. ಆ ಕಡೆ ಅಳಿಯ, "ಓಹೋ!" ಎಂದು ಕೂಗಿದ್ದು ಅವನ ಸ್ಟಾಫ್ ರೂಮಿಗೆಲ್ಲ ಕೇಳಿರಬೇಕು.

ಅಪರಿಚಿತರು ತಕ್ಷಣ ಬರಲಿಲ್ಲ. ಬಟ್ಟೆ ಒಣಹಾಕಿ ಬಂದೆ, ಸೊನ್ನೆ. ಊಟ ಮಾಡಿ ಬಂದೆ, ಸೊನ್ನೆ. ಮೂರೂವರೆ ಗಂಟೆಗೆ ನೋಡಿದರೆ ಒಂದು. ಯಾವ ದೇಶದ್ದೋ, ಯಾರದ್ದೋ, ಆಗ ತಾನೇ ಹುಟ್ಟಿದ ನೋಡು. ಅದರ ಹತ್ತಿರ ಇನ್ನೂ ಏನೂ ಇರಲಿಲ್ಲ, ಮೊದಲ ದಿನದ ದಾಖಲೆಯಿಂದ ನನ್ನನ್ನು ಕೇಳುತ್ತಿತ್ತು. ನನ್ನ ಸರ್ವರು ಒಂದೊಂದಾಗಿ ಎತ್ತಿ ಕೊಡುತ್ತಿತ್ತು. ನನಗೆ ಅಳು ಬಂದುಬಿಟ್ಟಿತು. ಯಜಮಾನರು ಪೇಪರ್ ಮಡಚಿಟ್ಟು ಬಂದು, ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡು ಕೂತರು.

ಭಾನುವಾರದ ಹೊತ್ತಿಗೆ ಹತ್ತೊಂಬತ್ತಾಗಿತ್ತು. ಅಳಿಯ ಬಂದವನು ಪರದೆಯ ಮುಂದೆ ನಿಂತೇ ಇದ್ದ. ಚುಚ್ಚಲು ನನ್ನ ಬಾಯಲ್ಲಿ ಹತ್ತು ಮಾತು ತಯಾರಿದ್ದವು, ಮಗಳ ಮುಖ ನೋಡಿ ನುಂಗಿಕೊಂಡೆ. ಊಟವಾದ ಮೇಲೆ ಅವನು ತನ್ನ ಬ್ಯಾಗಿನಿಂದ ಲ್ಯಾಪ್‌ಟಾಪು ತೆಗೆದು ಮೇಜಿನ ಮೇಲಿಟ್ಟ. ತೆರೆದ.

"ಅತ್ತೆ, ನನ್ನ ನೋಡು ಶುರು ಮಾಡಿ ಮೂರು ವರ್ಷ ಆಯ್ತು. ಒಳಬರೋದು ಇವತ್ತಿಗೂ ಸೊನ್ನೆ. ಒಂಚೂರು ನೋಡ್ತೀರಾ?"

ಮೇಜಿನ ಸುತ್ತ ಯಾರೂ ನಗಲಿಲ್ಲ. ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ. ನಾನು ಕೂತು ಕನ್ನಡಕ ಹಾಕಿಕೊಂಡೆ.