ಕೆಂಪು ಬಿಲ್ಲೆಗಳ ಸಾಲು

ಹಲ್ಲಿನ ಸೆಟ್ಟು ಮಾಡುವುದರಲ್ಲಿ ಅವಳದು ಎತ್ತಿದ ಕೈ. ಊರಿನ ಅರ್ಧ ಮುದುಕರು ಬಾಯ್ತುಂಬ ನಗುತ್ತಿದ್ದದ್ದು ಅವಳು ತಿದ್ದಿ ತೀಡಿದ ಹಲ್ಲುಗಳಿಂದಲೇ. ಆದರೆ ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅವಳಪ್ಪನ ಪಾಲಿಗೆ ಅವಳು ಇನ್ನೂ ಒರಟು ಕೈಯವಳು. ಚಿಕ್ಕಂದಿನಲ್ಲಿ ಅವನ ಒಂದು ಬಿಲ್ಲೆ ಕೆಳಗೆ ಬೀಳಿಸಿ ಅಂಚು ಮುಕ್ಕು ಮಾಡಿದ್ದಳು. ಅಂದು ಅಂಟಿದ ಹೆಸರು ತಲೆಗೂದಲು ನರೆತರೂ ಬಿಟ್ಟಿರಲಿಲ್ಲ.

ಬಿಲ್ಲೆ ಅಂದರೆ ಪೋಕರ್ ಆಟದವರು ಮೇಜಿನ ಮೇಲೆ ಒಡ್ಡುವ ಚಿಪ್. ಅಪ್ಪ ಒಂದು ಇಸ್ಪೀಟು ಕ್ಲಬ್ಬಿನಲ್ಲಿ ಎಲೆ ಹಂಚುವ ಕೆಲಸದಲ್ಲಿದ್ದವನು. ಆಯುಷ್ಯವೆಲ್ಲ ಹಂಚಿದರೂ ತಾನು ಒಂದು ಕೈಯೂ ಆಡಿದವನಲ್ಲ. ಕ್ಲಬ್ಬಿಗೆ ಪ್ಲಾಸ್ಟಿಕ್ ಚಿಪ್ಪುಗಳು ಬಂದಾಗ ಹಳೆಯ ಮಣ್ಣಿನ ಬಿಲ್ಲೆಗಳನ್ನು ಕಸಕ್ಕೆ ಸುರಿಯಲು ಹೊರಟಿದ್ದರು. ಇವನು ಬೇಡಿಕೊಂಡು ಮನೆಗೆ ಹೊತ್ತು ತಂದ. ಆಮೇಲೆ ಅದೇ ಹುಚ್ಚಾಯಿತು. ಎಲ್ಲೆಲ್ಲಿಯದೋ ಬಿಲ್ಲೆಗಳನ್ನು ಹುಡುಕಿ ತಂದು ಮರದ ಪೆಟ್ಟಿಗೆಯಲ್ಲಿ ಬಣ್ಣಕ್ಕೊಂದು ಸಾಲು ಮಾಡಿ ಜೋಡಿಸಿದ. ಇದೇ ಹುಚ್ಚು ಹಿಡಿದ ಇತರರು ತಮ್ಮ ಬಿಲ್ಲೆ ಅಸಲೋ ನಕಲೋ ಎಂದು ಕೇಳಲು ಅವನ ಬಳಿಗೇ ಬರುತ್ತಿದ್ದರು. ಅವನು ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸುತ್ತಿದ್ದ. ಬಿಲ್ಲೆಯ ಮುಖದ ಮೇಲಿನ ನವಿರು ಗೆರೆಗಳು, ಅಂಚಿನಲ್ಲಿ ಬೇರೆ ಬಣ್ಣದ ಮಣ್ಣು ಬಂದು ಕೂಡುವ ಜಾಗ, ಎಲ್ಲವೂ ಆ ಬೆರಳಿಗೆ ಗೊತ್ತಿತ್ತು. ಅವನ ಮಾತೇ ಕೊನೆಯ ಮಾತು.

ಸಕ್ಕರೆ ಕಾಯಿಲೆ ಮೊದಲು ಅವನ ಕಣ್ಣನ್ನು ತಿಂದಿತು. ಬೆಳಕು ಯಾವುದು, ನೆರಳು ಯಾವುದು, ಅಷ್ಟು ಮಾತ್ರ ತಿಳಿಯುತ್ತಿತ್ತು. "ಕಣ್ಣು ಹೋದ್ರೆ ಹೋಗ್ಲಿ ಬಿಡಿ, ಕೈ ಇದೆಯಲ್ಲ" ಎಂದು ಬಂದವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದ. ಆದರೆ ಈಚೆಗೆ ಯಾರಾದರೂ ಬಿಲ್ಲೆ ಹಿಡಿದು ಬಂದರೆ ಇವತ್ತು ಪುರುಸೊತ್ತಿಲ್ಲ ಎಂದು ಬಾಗಿಲಲ್ಲೇ ಸಾಗಹಾಕುತ್ತಿದ್ದ. ಇಡೀ ದಿನ ಕಿಟಕಿಯ ಪಕ್ಕ ಕುಳಿತಿರುವವನಿಗೆ ಅದೆಂಥ ಪುರುಸೊತ್ತಿಲ್ಲವೋ! ವಯಸ್ಸಾದವರ ಸಿಡುಕು ಎಂದುಕೊಂಡಳು ಅವಳು.

ಹಾಗಿರುವಾಗ ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಟಿದ್ದ ಅವಳನ್ನು ಅಪ್ಪ ಕರೆದು ಕೆಂಪು ಬಿಲ್ಲೆಗಳ ಸಾಲನ್ನು ಕೈಗಿಟ್ಟ. ಅವನು ಹೊತ್ತು ತಂದ ಮೊದಲ ಬಿಲ್ಲೆಗಳು ಅವೇ.

"ಇದನ್ನ ತೊಳ್ಕೊಡು. ನೀರು ಉಗುರು ಬೆಚ್ಚಗಿರ್ಲಿ, ಸೋಪು ಒಂದೇ ತೊಟ್ಟು. ಮೆತ್ತಗಿರೋ ಬ್ರಷ್ಷಲ್ಲಿ ಒಂದೊಂದಾಗಿ ಉಜ್ಜು. ನೆನೆಹಾಕ್ಬೇಡ, ಮಣ್ಣು ಮಣ್ಣೇ. ತೊಳೆದ ತಕ್ಷಣ ಒರೆಸಿ ಬಟ್ಟೆ ಮೇಲೆ ಹರಡು. ಒದ್ದೆ ಇರುವಾಗ ಒಂದರ ಮೇಲೊಂದು ಇಟ್ಟೆಯೋ, ಸೊಟ್ಟಗಾಗ್ತವೆ."

"ಗೊತ್ತಪ್ಪ."

"ಗೊತ್ತು ಅನ್ನೋರೇ ಕೆಡಿಸೋದು."

ಬೈದರೇನಂತೆ, ಕೊಟ್ಟನಲ್ಲ! ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಪ್ಪನ ಬಾಯಿಂದ 'ಚೆನ್ನಾಗಿದೆ' ಎಂಬ ಒಂದು ಮಾತು ಕೇಳಬೇಕೆಂದು ಅವಳು ಹುಟ್ಟಿದಾಗಿನಿಂದ ಕಾದವಳು. ಅವಳೇ ಮಾಡಿಕೊಟ್ಟ ಹಲ್ಲಿನ ಸೆಟ್ಟು ಹಾಕಿಕೊಂಡು "ಅಗಿಯೋಕೆ ಪರವಾಗಿಲ್ಲ" ಅಂದಿದ್ದ. ಅಲ್ಲಿಯವರೆಗೆ ಅವಳಿಗೆ ಸಿಕ್ಕ ದೊಡ್ಡ ಬಿರುದು ಅದೇ.

ಕೆಲಸದ ಜಾಗದಲ್ಲಿ, ಊಟದ ಬಿಡುವಿನಲ್ಲಿ, ಒಂದು ಬಿಲ್ಲೆಯನ್ನು ಅವನು ಹೇಳಿದಂತೆಯೇ ತೊಳೆದಳು. ಬೋಗುಣಿಯ ನೀರು ಚಹಾದ ಬಣ್ಣಕ್ಕೆ ತಿರುಗಿತು. ಯಾರ್ಯಾರದೋ ಬೆವರು, ಸಿಗರೇಟಿನ ಹೊಗೆ. ಬಿಲ್ಲೆ ಚೊಕ್ಕಟವಾಯಿತು, ಆದರೆ ಗೆರೆಗಳ ಸಂದಿಯಲ್ಲಿ ಕಪ್ಪು ಹಾಗೆಯೇ ಉಳಿಯಿತು. ಅಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳಿಗೆ ಅಷ್ಟು ಸಾಲಲಿಲ್ಲ, ಅಪ್ಪ ಬೆರಗಾಗಬೇಕಿತ್ತು. ಮೂಲೆಯಲ್ಲಿ ಹಲ್ಲಿನ ಸೆಟ್ಟು ತೊಳೆಯುವ ಪುಟ್ಟ ತೊಟ್ಟಿಯಿತ್ತು. ಗುಂಡಿ ಒತ್ತಿದರೆ ಅದು ಗುಂಯ್ ಎನ್ನುತ್ತ ನೀರನ್ನು ನಡುಗಿಸಿ, ಬ್ರಷ್ಷು ತಲುಪದ ಸಂದಿಯ ಕೊಳೆಯನ್ನೂ ಬಿಡಿಸುತ್ತದೆ. ವರ್ಷಗಟ್ಟಲೆಯ ಎಲೆಯಡಿಕೆ ಕರೆಯೇ ಅದರಲ್ಲಿ ಹೋಗುವಾಗ ಇದ್ಯಾವ ಲೆಕ್ಕ? ಉಳಿದ ಬಿಲ್ಲೆಗಳನ್ನೆಲ್ಲ ಒಟ್ಟಿಗೆ ಅದರಲ್ಲಿ ಹಾಕಿ, ಯಾರದೋ ದವಡೆ ಹಲ್ಲು ತೀಡಲು ಕುಳಿತಳು.

ತಿರುಗಿ ನೋಡಿದಾಗ ತೊಟ್ಟಿಯ ನೀರು ಕೆಂಪಾಗಿತ್ತು. ಎತ್ತಿಕೊಂಡ ಬಿಲ್ಲೆಯಲ್ಲಿ ಗೆರೆಗಳೇ ಇರಲಿಲ್ಲ, ಮುಖವೆಲ್ಲ ಸಿಡುಬಿನ ಕಲೆಯಂತೆ ಕುಳಿ ಬಿದ್ದಿತ್ತು. ಚಿನ್ನದ ಬಣ್ಣದ ಅಕ್ಷರ ಅಳಿಸಿಹೋಗಿತ್ತು. ಅಂಚಿನ ಬಿಳಿ ತುಣುಕುಗಳು ಮುಟ್ಟಿದರೆ ಉದುರುತ್ತಿದ್ದವು. ಒರೆಸಿ, ಒಣಗಿಸಿ, ಎಣ್ಣೆ ಸವರಿದಳು. ಎಣ್ಣೆ ಬಣ್ಣವನ್ನು ತಂದಿತು, ಗೆರೆಗಳನ್ನು ತರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು. ಹಲ್ಲುಗಳ ಮುಂದೆ ಕುಳಿತು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮುಚ್ಚಿಡುವ ಹಾಗಿರಲಿಲ್ಲ. ಆ ಹೆಬ್ಬೆರಳಿನ ಮುಂದೆ ಯಾರ ಸುಳ್ಳು ನಡೆದೀತು? ಅವನು ಮುಟ್ಟುವ ಮೊದಲೇ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಳು. ಬಾಗಿಲು ತೆರೆದ ಸದ್ದಿಗೇ ಅಪ್ಪ ಕೈ ಚಾಚಿದ.

"ತಂದ್ಯಾ? ತಾ ಇಲ್ಲಿ."

"ಅಪ್ಪ, ಒಂದು ಮಾತು..."

"ಮೊದ್ಲು ತಾ ಅಂದ್ರೆ."

ಅವಳು ಒಂದನ್ನು ಕೊಟ್ಟಳು. ಹಾಳಾದದ್ದನ್ನೇ ಕೊಟ್ಟಳು. ಅವನು ಕಣ್ಣು ಮುಚ್ಚಿ ಹೆಬ್ಬೆರಳನ್ನು ಬಿಲ್ಲೆಯ ಮೇಲೆ ಎಳೆದ. ಕುಳಿಗಳ ಮೇಲೆ, ಉದುರಿದ ಅಂಚಿನ ಮೇಲೆ ಬೆರಳು ಸುತ್ತು ಬಂತು.

"ಚೆನ್ನಾಗಿದೆ ಕಣೇ" ಅಂದ ಅಪ್ಪ. "ಗೆರೆ ಒಂದೊಂದೂ ಕೈಗೆ ಸಿಗ್ತಾ ಇದೆ. ನಾನೇ ತೊಳೆದಿದ್ರೂ ಇಷ್ಟು ಚೆನ್ನಾಗಿ ಆಗ್ತಿರ್ಲಿಲ್ಲ."

ಹಂಗಿಸುತ್ತಿದ್ದಾನೆ ಎಂದುಕೊಂಡಳು. ಮುಖ ನೋಡಿದರೆ ಅಲ್ಲಿ ವ್ಯಂಗ್ಯ ಕಾಣಲಿಲ್ಲ. ಆಗ ಅವನ ಕೈ ಕಣ್ಣಿಗೆ ಬಿತ್ತು. ಹೆಬ್ಬೆರಳ ತುದಿಯಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು.

"ಅಪ್ಪ, ಕೈ ಸುಟ್ಕೊಂಡಿದ್ದೀಯಲ್ಲ! ಬೊಬ್ಬೆ ಬಂದಿದೆ."

"ಹೂಂ, ಚಹಾ ಮಾಡುವಾಗ ತಗುಲ್ತು. ಉರೀತಾ ಇದೆ" ಅಂದವನೇ ತೋರುಬೆರಳನ್ನು ಬಾಯಿಯ ಹತ್ತಿರ ತಂದು ಉಫ್ ಎಂದು ಊದಿಕೊಂಡ.

ಅವಳಿಗೆ ಎಲ್ಲ ತಿಳಿಯಿತು. ಬಂದವರನ್ನು ಏಕೆ ಸಾಗಹಾಕುತ್ತಿದ್ದ, ಒರಟು ಕೈಯವಳಿಗೆ ಬಿಲ್ಲೆಗಳನ್ನು ಏಕೆ ಕೊಟ್ಟ, ಎಲ್ಲವೂ. ಕಾಯಿಲೆ ಕಣ್ಣಿನಲ್ಲಿ ನಿಂತಿರಲಿಲ್ಲ, ಬೆರಳುಗಳಿಗೂ ಇಳಿದು ಸ್ಪರ್ಶವನ್ನೇ ತಿಂದಿತ್ತು. ಗೆರೆಗಳನ್ನು ಅವನು ನೆನಪಿನಿಂದ ಓದಿ ಹೇಳುತ್ತಿದ್ದ. ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು ಅವಳು ನುಂಗಿಕೊಂಡಳು. ತನ್ನ ತಪ್ಪು ಹೇಳಿದರೆ ಅದರ ಜೊತೆ ಅವನ ಗುಟ್ಟೂ ಬಯಲಾಗುತ್ತಿತ್ತು.

ಒಳಗೆ ಹೋಗಿ ಮುಲಾಮು ತಂದು ಅವನ ಕಾಲಬುಡದಲ್ಲಿ ಕುಳಿತಳು. ಅಪ್ಪ ಖುಷಿಯಾಗಿದ್ದ.

"ಉಳಿದ ಸಾಲುಗಳನ್ನೂ ಹೀಗೇ ತೊಳ್ದುಬಿಡು. ಮೊದ್ಲು ಹಸಿರು, ಆಮೇಲೆ ನೀಲಿ. ಇನ್ಮೇಲೆ ಯಾರ ಕೈಗೂ ಕೊಡೋದಿಲ್ಲ, ನೀನೇ ನೋಡ್ಕೋ."

"ಆಯ್ತಪ್ಪ."

ಮುಲಾಮು ಹಚ್ಚುವಾಗ ಅವಳ ಉಗುರು ತಗುಲಿ ಬೊಬ್ಬೆ ಒಡೆಯಿತು, ನೀರು ಅವನ ಮಣಿಕಟ್ಟಿನವರೆಗೆ ಹರಿಯಿತು. ಅಪ್ಪ ಹಸಿರು ಬಿಲ್ಲೆಗಳ ಬಗ್ಗೆ ಹೇಳುತ್ತಲೇ ಇದ್ದ.