ಹಾಡುಗಳ ಫೋಲ್ಡರಿನಲ್ಲಿದ್ದ ಮಾತು

೧

ಈ ಕತೆಯನ್ನು ಎಲ್ಲಿಂದ ಶುರು ಮಾಡುವುದು? ಬಸ್ಸಿನಿಂದ ಮಾಡಿದರೆ ಓದುವ ನಿಮಗೆ ಖುಷಿ. ಮೊಬೈಲಿನಿಂದ ಮಾಡಿದರೆ ಕಾಲಕ್ಕೆ ತಕ್ಕ ಕತೆ ಅಂತ ಯಾರಾದರೂ ಮೆಚ್ಚಬಹುದು. ಸುಧಾಕರನನ್ನೇ ಕೇಳಿದೆ. ಅವನು ನೆಲ ನೋಡುತ್ತಾ, "ಶುರು ಮಾಡ್ದೇ ಇದ್ರೆ ಆಗಲ್ವಾ ಸಾರ್?" ಅಂದ.

ಆಗಲ್ಲ. ಬಸ್ಸಿನಲ್ಲಿದ್ದವರೆಲ್ಲ ಆಗಲೇ ಕೇಳಿಸಿಕೊಂಡಿದ್ದಾರೆ.

೨

'೨೦೦೯ರ ಒಂದು ಸುಂದರ ಮುಂಜಾನೆ, ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೊರಟ ಖಾಸಗಿ ಬಸ್ಸಿನಲ್ಲಿ...'

(ಹೊಡೆದು ಹಾಕಿದ್ದೇನೆ. 'ಸುಂದರ' ಅನ್ನುವ ಪದವನ್ನು ಸುಧಾಕರ ಒಪ್ಪಲಿಲ್ಲ. ನ್ಯಾಯವಾಗಿಯೇ ಇದೆ.)

ಸುಧಾಕರ ಚಾಮರಾಜನಗರದ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಹಗಲೆಲ್ಲ ಬಿಲ್ ಬರೆದು, ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತವನು. ಅದರಿಂದಾಗಿ ಬಸ್ಸಿನ ದಿನದ ಗಿರಾಕಿಗಳಿಗೆಲ್ಲ ಅವನೇ ಮೊಬೈಲ್ ಪಂಡಿತ. ಯಾವ ಸೆಟ್ಟಿನ ಬ್ಯಾಟರಿ ನಿಲ್ಲುತ್ತದೆ, ಯಾವುದರ ಕ್ಯಾಮೆರಾ ಬರೀ ಶೋಕಿ, ಎಲ್ಲದಕ್ಕೂ ಅವನ ಹತ್ತಿರ ಅಭಿಪ್ರಾಯವಿತ್ತು. ಬ್ಲೂಟೂತ್ ಸುಮ್ಮನೆ ಆನ್ ಇಡಬೇಡಿ ಅನ್ನುತ್ತಿದ್ದ. ರಿಪೇರಿಗೆ ಕೊಡುವ ಮುಂಚೆ ಕಾರ್ಡ್ ತೆಗೆದಿಟ್ಟುಕೊಳ್ಳಿ ಅನ್ನುತ್ತಿದ್ದ. ಮನೆ ವಿಷಯ ಮೊಬೈಲಿನಲ್ಲಿ ಇಡಲೇಬಾರದು ಅಂತ, ಇಡೀ ಬಸ್ಸಿಗೆ ಕೇಳುವ ಹಾಗೆ, ಹೇಳುತ್ತಿದ್ದ.

ಆ ಬಸ್ಸಿಗೊಂದು ಪದ್ಧತಿ ಇತ್ತು. ದಿನಾ ಓಡಾಡುವವರು ಸರದಿಯ ಮೇಲೆ ತಮ್ಮ ಮೆಮೊರಿ ಕಾರ್ಡ್ ತಂದುಕೊಡಬೇಕು. ಕಂಡಕ್ಟರ್ ಶಾಂತಮಲ್ಲಪ್ಪ ಅದನ್ನು ಡ್ರೈವರ್ ಪಕ್ಕದ ಪ್ಲೇಯರಿಗೆ ಸಿಕ್ಕಿಸುತ್ತಿದ್ದ. ಅವತ್ತಿನ ದಾರಿಗೆ ಅವತ್ತಿನವರ ಹಾಡು. ಚೆನ್ನಾಗಿಲ್ಲದಿದ್ದರೆ ಚಾಮರಾಜನಗರದ ತನಕ ಬೈಗುಳ.

ಅವತ್ತು ಸುಧಾಕರನ ಸರದಿ.

೩

ಮೊದಲು ಮಾದಪ್ಪನ ಪದ ಬಂತು. ಆಮೇಲೆ ಒಂದು ಸಿನಿಮಾ ಹಾಡು. ಆಮೇಲೆ ಶಿವಮ್ಮನ ದನಿ ಬಂತು.

"ಸಿಂಧೂನ ಹೊರಕ್ಕೆ ಬುಡ್ಬೇಡ ಕಣಮ್ಮಿ. ತಿರುಪ್ಪೂರ್ಗೆ ಕೆಲ್ಸಕ್ಕೋಗವ್ಳೆ ಅಂತ ಎಲ್ಲಾರ್ಗೂ ಯೋಳಿವ್ನಿ. ಮದ್ದೂರಲ್ಲಿ ನಿನ್ ಮನೇಲವ್ಳೆ ಅಂತ ಗೊತ್ತಾದ್ರೆ ಅವ್ನು ಬಂದು ಎಳ್ಕೊಂಡೋಯ್ತನೆ. ಈ ಸಲ ಕೈ ಮುರ್ದವ್ನೆ. ಮುಂದ್ಲ ಸಲ ಏನ್ ಮಾಡನೋ."

ಶಾಂತಮಲ್ಲಪ್ಪ ಇದ್ಯಾವುದೋ ನಾಟಕದ ತುಣುಕು ಅಂದುಕೊಂಡು ವಾಲ್ಯೂಮ್ ಏರಿಸಿದ. ಹಿಂದಿನ ಸೀಟಿನಲ್ಲಿದ್ದ ಸುಧಾಕರ ನಿಂತ ಜನರನ್ನು ತಳ್ಳಿಕೊಂಡು ಮುಂದೆ ಬರುವಷ್ಟರಲ್ಲಿ ಉಳಿದದ್ದೂ ಕೇಳಿಸಿತು.

"ಫೋನಾ? ಪಕ್ಕದ್ಮನೆ ಸುಧಾಕರಂದು. ಅವ್ನು ಒಳ್ಳೆ ಹೈದ ಕಣಮ್ಮಿ. ಅವ್ನ ಕಿವಿಗ್ ಬಿದ್ರೂ ಆಚ್ಗೋಗಲ್ಲ."

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

೪

(ಇಲ್ಲಿ ಕತೆ ನಿಲ್ಲಿಸಿ ಒಂದು ವಿವರಣೆ ಕೊಡಬೇಕು. ಒಳ್ಳೆಯ ಕತೆಗಾರ ಹೀಗೆ ಮಾಡುವುದಿಲ್ಲ. ನನಗೆ ಬೇರೆ ದಾರಿ ಗೊತ್ತಿಲ್ಲ.)

ಶಿವಮ್ಮ ಸುಧಾಕರನ ಪಕ್ಕದ ಮನೆಯವಳು. ಗುಂಡ್ಲುಪೇಟೆಯ ಒಂದು ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಸಿಂಧು ಅವಳ ಮಗಳು; ಗಂಡನ ಹೊಡೆತ ತಾಳದೆ ಬಂದವಳನ್ನು ಮದ್ದೂರಿನ ತಂಗಿಯ ಮನೆಯಲ್ಲಿ ಬಚ್ಚಿಟ್ಟಿದ್ದಳು. ಆ ಸಾಲು ಮನೆಗಳಿಗೆಲ್ಲ ಇದ್ದದ್ದು ಸುಧಾಕರನ ಒಂದೇ ಫೋನು, ಎರಡು ಸಿಮ್ಮಿನ ಚೈನಾ ಸೆಟ್ಟು. ಯಾರು ಕೇಳಿದರೂ ಕೊಡುತ್ತಿದ್ದ. ಮಾತಾಡುವಾಗ ದೂರ ಹೋಗಿ ನಿಲ್ಲುತ್ತಿದ್ದ. ಆ ಮಟ್ಟಿಗೆ ಮರ್ಯಾದಸ್ಥ.

ಆದರೆ ಆ ಸೆಟ್ಟಿನಲ್ಲಿ ಪ್ರತಿ ಕರೆಯೂ ತಾನೇ ರೆಕಾರ್ಡ್ ಆಗುವ ಹಾಗೆ ಅವನು ಇಟ್ಟುಕೊಂಡಿದ್ದ. ಅಂಗಡಿ ಯಜಮಾನರು ಫೋನಿನಲ್ಲಿ ಹೇಳಿದ್ದನ್ನು ಎಲ್ಲಿ ಮರೆತುಬಿಡುತ್ತೇನೋ ಅನ್ನುವ ಹೆದರಿಕೆ ಅವನಿಗೆ. ಮತ್ತೆ ಮತ್ತೆ ಕೇಳಿಸಿಕೊಂಡು ಕೆಲಸ ಮಾಡುವುದು ಅಭ್ಯಾಸ. ಶಿವಮ್ಮ ಮಾತಾಡಿದಾಗ ಅದನ್ನು ಆಫ್ ಮಾಡಲು ಮರೆತ. ಹಾಗಾಗಿ ಇದೊಂದು ಕೈತಪ್ಪು, ಅಷ್ಟೆ.

ಹೀಗೆ ಬರೆದು ಅವನಿಗೆ ಓದಿ ಹೇಳಿದೆ. ಅವನು, ಅದು ಹಾಡಿನ ಫೋಲ್ಡರಿಗೆ ಹೇಗೆ ಬಂತು ಅಂತ ನೀವು ಕೇಳಲೇ ಇಲ್ಲವಲ್ಲ ಸಾರ್ ಅಂದ.

೫

ಕೇಳಬೇಕಿತ್ತು. ರೆಕಾರ್ಡಿಂಗಿನ ಜಾಗ ತುಂಬಿದರೆ ಹಳೆಯದು ತಾನೇ ಅಳಿಸಿಹೋಗುತ್ತದೆ. ಹೋಗಬಾರದು ಅಂತ ಅವನೇ ಅದನ್ನು ಹಾಡುಗಳ ಜೊತೆ ಎತ್ತಿಟ್ಟಿದ್ದ. ಕೇಳುತ್ತಿದ್ದ. ಸಿಂಧುವಿನ ವಿಷಯಕ್ಕಲ್ಲ. ಆ ಭಾಗ ಬಂದಾಗ ಮುಂದಕ್ಕೆ ಓಡಿಸುತ್ತಿದ್ದ. ಕೊನೆಯ ಮಾತಿಗಾಗಿ ಕೇಳುತ್ತಿದ್ದ. 'ಅವ್ನು ಒಳ್ಳೆ ಹೈದ.' ತನ್ನ ಬೆನ್ನ ಹಿಂದೆ ಯಾರಾದರೂ ತನ್ನ ಬಗ್ಗೆ ಹಾಗೆ ಅಂದದ್ದನ್ನು ಅವನು ಬೇರೆಲ್ಲೂ ಕೇಳಿರಲಿಲ್ಲ.

(ಈ ಭಾಗವನ್ನು ತೆಗೆದುಬಿಡಿ ಅಂತ ಅವನು ಕೇಳಿಕೊಂಡ. ತೆಗೆದೆ, ಮತ್ತೆ ಸೇರಿಸಿದೆ. ಅವನ ಗುಟ್ಟನ್ನು ನಿಮಗೆ ಕೇಳಿಸುತ್ತಿರುವ ನಾನು ಶಾಂತಮಲ್ಲಪ್ಪನಿಗಿಂತ ಹೇಗೆ ಬೇರೆ? ಉತ್ತರ ಇದ್ದಿದ್ದರೆ ಬರೆಯುತ್ತಿದ್ದೆ.)

೬

ಮೂರನೇ ಸೀಟಿನಲ್ಲಿ ಗುರುಪಾದಸ್ವಾಮಿ ಕೂತಿದ್ದರು. ಸಿಂಧುವಿನ ಗಂಡನಿಗೆ ಚಿಕ್ಕಪ್ಪ. ಸೊಸೆಯನ್ನು ಹುಡುಕಿಕೊಂಡು ತಿರುಪ್ಪೂರಿನ ತನಕ ಹೋಗಿ ಬಂದವರು.

ಅವ್ರಿಗೆ ನಿದ್ದೆ ಬಂದಿತ್ತು ಅಂತ ಬರೀರಿ ಸಾರ್, ಅಂದ ಸುಧಾಕರ.

ಬರೆದೆ: 'ಗುರುಪಾದಸ್ವಾಮಿ ಕಿಟಕಿಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದರು. ಸುಧಾಕರ ನಿಟ್ಟುಸಿರು ಬಿಟ್ಟು ಕಾರ್ಡ್ ಕಿತ್ತುಕೊಂಡ. ಮುಗಿಯಿತು.'

ಆದರೆ ಚಾಮರಾಜನಗರಕ್ಕೆ ಟಿಕೆಟ್ ತೆಗೆದಿದ್ದ ಅವರು ತೆರಕಣಾಂಬಿಯಲ್ಲೇ ಇಳಿದರು. ಇಳಿದು, ರಸ್ತೆ ದಾಟಿ, ಆಚೆ ಬದಿಗೆ, ಗುಂಡ್ಲುಪೇಟೆ ಬಸ್ಸಿಗೆ ಕಾಯುವವರ ಜೊತೆ ನಿಂತರು. ನಿದ್ದೆಯಲ್ಲಿ ಯಾರೂ ರಸ್ತೆ ದಾಟುವುದಿಲ್ಲ.

ನೀನೂ ಇಳಿಯಪ್ಪ ಅಂದೆ ಸುಧಾಕರನಿಗೆ.

"ಇಳಿದ್ರೆ ಅವ್ರ ಪಕ್ಕದಲ್ಲೇ ನಿಂತ್ಕಬೇಕಲ್ಲ ಸಾರ್, ಅದೇ ಬಸ್ಸಿಗೆ."

ಬಸ್ಸು ಹೊರಟಿತು. ಮುಂದಿನ ಸ್ಟಾಪಿನಲ್ಲಿ ಇಳಿದ.

೭

ನೀವು ಕೇಳುತ್ತೀರಿ, ನನಗೆ ಗೊತ್ತು: ಮದ್ದೂರಿನ ನಂಬರ್ ಅವನ ಫೋನಿನಲ್ಲೇ ಇತ್ತಲ್ಲ? ಇತ್ತು. ರಸ್ತೆ ಬದಿಯಲ್ಲಿ ನಿಂತು ಒತ್ತಿದ. ಆ ಕಡೆಯಿಂದ ಶಿವಮ್ಮನ ತಂಗಿ, "ಏನಕ್ಕ, ಇಷ್ಟೊತ್ತಲ್ಲಿ?" ಅಂದಳು. ಇವನು ಕಟ್ ಮಾಡಿಬಿಟ್ಟ. ವಿಷಯ ಹೇಳಬೇಕಾದರೆ ಅದು ತನಗೆ ಹೇಗೆ ಗೊತ್ತು ಅನ್ನುವುದನ್ನೂ ಹೇಳಬೇಕಿತ್ತು.

ಕೇರಳಕ್ಕೆ ಕೋಸು ಹೊತ್ತು ಹೊರಟ ಲಾರಿಗೆ ಕೈ ಅಡ್ಡ ಹಾಕಿ ಹತ್ತಿದ. ತೆರಕಣಾಂಬಿ ಬಂದಾಗ ತಲೆ ಬಗ್ಗಿಸಿ ಕಾಲ ಹತ್ತಿರ ಏನೋ ಹುಡುಕುವವನಂತೆ ಕೂತ. ಹಾಗಾಗಿ ಗುರುಪಾದಸ್ವಾಮಿ ಇನ್ನೂ ಅಲ್ಲೇ ನಿಂತಿದ್ದರೋ, ಬಸ್ಸು ಹತ್ತಿ ಹೋಗಿದ್ದರೋ ಅವನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲದ್ದು ನನಗೂ ಗೊತ್ತಿಲ್ಲ.

೮

ಸ್ಕೂಲಿನ ಅಡುಗೆಮನೆ. ಶಿವಮ್ಮ ದೊಡ್ಡ ಡಬರಿಯಲ್ಲಿ ಸಾರು ಕೈಯಾಡಿಸುತ್ತಿದ್ದಳು. ಸುಧಾಕರ ಚೈನಾ ಸೆಟ್ಟು, ಆಟೋಮ್ಯಾಟಿಕ್, ಫೋಲ್ಡರು ಅಂತ ಶುರು ಮಾಡಿದ. (ಇವನೂ ನನ್ನ ಹಾಗೆಯೇ, ಎಲ್ಲಿಂದ ಶುರು ಮಾಡಬೇಕೋ ತಿಳಿಯದವನು.) ಅವಳು ಅರ್ಧಕ್ಕೇ ತಡೆದಳು.

"ಅದೆಲ್ಲ ಬುಡು. ಯಾರ್ ಕೇಳುದ್ರು?"

"ಬಸ್ಸಲ್ಲಿದ್ದೋರೆಲ್ಲ ಚಿಕ್ಕವ್ವ. ಗುರುಪಾದಸ್ವಾಮಿನೂ."

ಸೌಟು ನಿಂತಿತು.

"ನೀ ಮೊದ್ಲೇ ಕೇಳಿದ್ದಾ?"

ಇಲ್ಲಿ ನಾನು ಅವನಿಗೆ ಒಂದು ದಾರಿ ಬರೆದುಕೊಟ್ಟೆ. 'ಇಲ್ಲ ಚಿಕ್ಕವ್ವ, ನಾನೂ ಇವತ್ತೇ ಬಸ್ಸಲ್ಲಿ ಕೇಳಿದ್ದು.' ಪುಟ್ಟ ಸುಳ್ಳು, ಯಾರಿಗೂ ನಷ್ಟವಿಲ್ಲ, ಕತೆಗೂ ಸಲೀಸು. ಅವನು ಅದನ್ನು ನೋಡಿದ. ಹೇಳಲಿಲ್ಲ.

"ಕೇಳಿದ್ದೆ. ಸುಮಾರ್ ಸಲ."

"ಯಾಕ್ಲಾ?"

"ನೀವು ನನ್ನ ಒಳ್ಳೆ ಹೈದ ಅಂದಿದ್ರಿ."

ಅವಳು ಬೈಯುತ್ತಾಳೆ ಅಂತ ನಾನು ಒಂದಿಡೀ ಪ್ಯಾರಾ ಸಿದ್ಧ ಮಾಡಿಟ್ಟುಕೊಂಡಿದ್ದೆ. ಬೈದಿದ್ದರೆ ಅವನಿಗೂ ಹಗುರವಾಗುತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು, "ಫೋನ್ ಕೊಡು" ಅಂದಳು.

ಕೊಟ್ಟ. ರೆಕಾರ್ಡ್ ಆಫ್ ಮಾಡಿದ್ದೇನೆ ಅಂತ ಹೇಳಿದ. ಅವಳು ತಲೆಯಾಡಿಸಲಿಲ್ಲ. ನಂಬಲು ಅವಳಿಗೆ ಈಗ ಕಾರಣವಿಲ್ಲ, ನಂಬದೆ ಬೇರೆ ಫೋನೂ ಇಲ್ಲ.

೯

ಅವಳು ಕಟ್ಟಡದ ಹಿಂದಿನ ನೀರಿನ ಟ್ಯಾಂಕಿನ ಕಡೆ ನಡೆದಳು. ನಾನೂ ಹಿಂದೆಯೇ ಹೊರಟೆ. ಕತೆಗಾರ ಹೋಗದಿದ್ದರೆ ಹೇಗೆ? ತಂಗಿ ಫೋನ್ ಎತ್ತಿದಳೋ, ಸಿಂಧುವನ್ನು ಇನ್ನೆಲ್ಲಿಗೆ ಕಳಿಸುತ್ತಾರೋ, ಇದೆಲ್ಲ ನಿಮಗೆ ಬೇಡವೇ? ಮೂರು ಬಗೆಯ ಮುಕ್ತಾಯ ನನ್ನ ಜೇಬಿನಲ್ಲಿತ್ತು. ಒಂದರಲ್ಲಂತೂ ಎಲ್ಲರೂ ಉಳಿಯುತ್ತಾರೆ.

ಶಿವಮ್ಮ ತಿರುಗಿ ನೋಡಿದಳು. ಸುಧಾಕರನನ್ನಲ್ಲ.

"ನೀವೂ ಅಲ್ಲೇ ಇರಿ ಸಾಮಿ."

ಹಾಗಾಗಿ ನಾವು ಒಳಗೇ ಇದ್ದೇವೆ, ಸುಧಾಕರ, ನಾನು, ಮತ್ತು ಇಲ್ಲಿಯ ತನಕ ಕಿವಿಗೊಟ್ಟು ಬಂದ ನೀವು. ಸಾರು ತಳ ಹಿಡಿಯುವ ವಾಸನೆ ಬಂತು. ಅವನು ಸೌಟು ತೆಗೆದುಕೊಂಡು ಕೈಯಾಡಿಸತೊಡಗಿದ. ಕಿಟಕಿಯಲ್ಲಿ ಅವಳ ಬೆನ್ನು ಕಾಣುತ್ತದೆ, ಕಿವಿಗೆ ಒತ್ತಿಕೊಂಡ ಫೋನು ಕಾಣುತ್ತದೆ. ಮಾತಾಡುತ್ತಿದ್ದಾಳೋ, ಇನ್ನೂ ರಿಂಗ್ ಆಗುತ್ತಿದೆಯೋ, ಇಲ್ಲಿಂದ ಹೇಳಲು ಬರುವುದಿಲ್ಲ.

ನೀವು ಕಿಟಕಿಗೆ ಹತ್ತಿರ ಇದ್ದೀರಿ. ದಯವಿಟ್ಟು ಅದನ್ನು ಮುಚ್ಚಿ.