ಗಡಿಕಲ್ಲಿನಿಂದಾಚೆ ಎರಡೂವರೆ ಮೈಲಿ

ನಿಂಗಯ್ಯನನ್ನು "ಉಂಡ್ಯಾ?" ಎಂದು ಕೇಳುವವರು ಮಂಡ್ಯದಲ್ಲಿ ಒಬ್ಬರೂ ಇರಲಿಲ್ಲ. ಕೇಳುವವಳು ಒಬ್ಬಳಿದ್ದಳು, ನಿಜ. ಆದರೆ ಅವಳ ಮನೆ ಇದ್ದದ್ದು ಪುರಸಭೆಯ ಗಡಿಕಲ್ಲು ದಾಟಿ ಎರಡೂವರೆ ಮೈಲಿ ಆಚೆಗೆ, ಹನಕೆರೆ ರಸ್ತೆಯಲ್ಲಿ. ಎಲ್ಲ ಗೋಳೂ ಶುರುವಾದದ್ದು ಆ ಎರಡೂವರೆ ಮೈಲಿಯಿಂದ.

ನಿಂಗಯ್ಯ ಪುರಸಭೆಯ ನೀರಿನ ಲಾರಿಯ ಡ್ರೈವರು. ಐವತ್ತೆರಡು ವಯಸ್ಸು, ಇಪ್ಪತ್ತು ವರ್ಷದ ಸರ್ವೀಸು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಲಾರಿ ಶೆಡ್ಡಿನ ಹಿಂದೆ ಒಂದು ಕೋಣೆ, ಅದರಲ್ಲಿ ಒಂದು ಚಾಪೆ, ಒಂದು ಟ್ರಂಕು. ಊಟ ಹೋಟೆಲಿನಲ್ಲಿ. ಹೋಟೆಲಿನವರು ಬಡಿಸುತ್ತಾರೆ, ಉಂಡಾದ ಮೇಲೆ ಬೇಗ ಎದ್ದರೆ ಸಾಕು ಎಂದು ನೋಡುತ್ತಾರೆ; ಅವರನ್ನು ದೂರಿ ಪ್ರಯೋಜನವಿಲ್ಲ. ಜೊತೆಯ ಕೆಲಸಗಾರರಿಗೆ ಅವನೆಂದರೆ ಗೌರವ. ಒಂದು ತೊಟ್ಟು ಡೀಸೆಲ್ ಮುಟ್ಟದ ಮನುಷ್ಯ ಎಂದು ಅವನ ಮುಂದೆ ಪೋಲಿ ಮಾತು ಆಡುತ್ತಿರಲಿಲ್ಲ. ಹಾಗಾಗಿ ಅವನು ಬಂದು ಕೂತರೆ ಮಾತೇ ನಿಂತುಹೋಗುತ್ತಿತ್ತು. ಅಂಥ ಗೌರವವನ್ನು ಕಟ್ಟಿಕೊಂಡು ಏನು ಮಾಡುವುದು?

ಊರಿನ ಹೊರಗಿನ ಬೀದಿಗಳಿಗೆ ಆಗಿನ್ನೂ ನಲ್ಲಿ ಬಂದಿರಲಿಲ್ಲ. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರ ತನಕ ನಿಂಗಯ್ಯ, ಆಮೇಲೆ ಚಲುವರಾಜು ಎಂಬ ದಿನಗೂಲಿಯ ಡ್ರೈವರು, ಇಬ್ಬರೂ ಅದೇ ಒಂದು ಲಾರಿಯಲ್ಲಿ ನೀರು ಹಂಚುತ್ತಿದ್ದರು. ನಿಂಗಯ್ಯನ ಪಾಳಿಯ ಕೊನೆಯ ಜಾಗ ಹನಕೆರೆ ರಸ್ತೆಯ ಗಡಿಕಲ್ಲು. ಎಪ್ಪತ್ಮೂರರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆ ಕಲ್ಲಿನ ಹತ್ತಿರ ಒಬ್ಬ ಹೆಂಗಸು ಬಿಂದಿಗೆ ಹಿಡಿದು ನಿಂತಿದ್ದಳು.

"ನಮ್ ಬಾವಿ ನೀರು ಉಪ್ಪು ಕಣಣ್ಣ. ಬ್ಯಾಳೆ ಬೇಯಾಕಿಲ್ಲ. ಒಂದು ಬಿಂದ್ಗೆ ಬುಡು, ಒತ್ಕೊಂಡೋಯ್ತೀನಿ," ಎಂದಳು.

ಎಷ್ಟು ದೂರ ಎಂದು ಕೇಳಿದ. ಎರಡೂವರೆ ಮೈಲಿ ಎಂದಳು. ತುಂಬಿದ ಬಿಂದಿಗೆ, ಸುಡುವ ಟಾರು ರಸ್ತೆ, ಕಾಲಲ್ಲಿ ಮೆಟ್ಟಿಲ್ಲ. ಟ್ಯಾಂಕಿನ ತಳದಲ್ಲಿ ಹೇಗೂ ಒಂದಿಷ್ಟು ನೀರು ಉಳಿದಿತ್ತು. "ಗಾಡಿ ಅತ್ತವ್ವ," ಎಂದು ಪಕ್ಕದ ಬಾಗಿಲು ತೆಗೆದ.

ಅವಳ ಹೆಸರು ಮುದ್ದಮ್ಮ. ಗಂಡ ರೈಲ್ವೆಯಲ್ಲಿ ಗ್ಯಾಂಗಿನ ಕೆಲಸದಲ್ಲಿದ್ದು ಸತ್ತಿದ್ದ. ಅವಳದೂ ಸೇರಿ ಅಲ್ಲಿ ನಾಲ್ಕು ಮನೆ, ಪಕ್ಕದ್ದು ಮೈದುನ ಮರಿಯಯ್ಯನದು, ಉಳಿದೆರಡು ದಾಯಾದಿಗಳವು. ಲಾರಿ ನಿಂತದ್ದೇ ತಡ, ನಾಲ್ಕು ಮನೆಯಿಂದಲೂ ಬಿಂದಿಗೆ ಬಂದವು. ಮನೆಗೆರಡರಂತೆ ನೀರು ಬಿಟ್ಟು ಅವನು ಲಾರಿ ಹತ್ತುವಾಗ ಮುದ್ದಮ್ಮ ಕೇಳಿದಳು.

"ಉಂಡ್ಯಾ ಅಣ್ಣ?"

"ಇಲ್ಲ ಕಣವ್ವ."

"ಕೈ ತೊಳ್ಕೊ."

ಜಗಲಿಯ ಮೇಲೆ ಎಲ್ಲರ ಕಣ್ಣೆದುರಿಗೇ ಕೂತು ರಾಗಿಮುದ್ದೆ, ಸೊಪ್ಪಿನ ಸಾರು ಉಂಡ. ಮಾರನೆಯ ದಿನವೂ ಹೋದ. ಅದರ ಮಾರನೆಯ ದಿನವೂ. ಒಂದು ವರ್ಷ ಹೀಗೇ ನಡೆಯಿತು. ಅವರಿಬ್ಬರ ನಡುವೆ ಹೇಳಿಕೊಳ್ಳುವಂಥ ಮಾತುಕತೆ ಏನೂ ಇರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯ್ತಾ ಎಂದು ಅವಳು, ಇಲ್ಲ, ಸರಿಯಾಗೇ ಅದೆ ಎಂದು ಅವನು. ಅವನ ಅಂಗಿಯ ಗುಂಡಿ ಕಿತ್ತಿದ್ದರೆ ಅವಳ ಕಣ್ಣಿಗೆ ಬೀಳುತ್ತಿತ್ತು, ಕೆಮ್ಮಿದರೆ ಕೇಳಿಸುತ್ತಿತ್ತು. ಅಷ್ಟಕ್ಕೇ ನಿಂಗಯ್ಯನಿಗೆ ಬೆಳಗ್ಗೆ ಏಳುವುದಕ್ಕೆ ಹುರುಪು ಬರುತ್ತಿತ್ತು. ಟ್ರಿಪ್ ಶೀಟಿನಲ್ಲಿ ಮಾತ್ರ ಅವನು ಗಡಿಕಲ್ಲಿನ ತನಕ ಎಂದೇ ಬರೆಸುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನು ಹೇಳಿದ ಸುಳ್ಳು ಅದೊಂದೇ.

ಎಪ್ಪತ್ನಾಲ್ಕು ಬಂತು. ಎಲ್ಲೋ ಅರಬ್ಬರ ಕಡೆ ಯುದ್ಧವಾಗಿ ಎಣ್ಣೆ ಬೆಲೆ ಏರಿತಂತೆ, ಅದರ ಬಿಸಿ ಲಾರಿ ಶೆಡ್ಡಿಗೂ ತಟ್ಟಿತು. ಗಾಡಿಗಳು ಸುಡುವ ಡೀಸೆಲ್ಲನ್ನು ಐದರಲ್ಲಿ ಒಂದು ಪಾಲು ಇಳಿಸಬೇಕೆಂದು ಮೇಲಿನಿಂದ ಕಾಗದ ಬಂತು. ಅಂಥ ಕಾಗದಗಳು ಫೈಲಿನಲ್ಲಿ ಹಾಯಾಗಿ ನಿದ್ದೆ ಮಾಡುವುದು ಲೋಕದ ವಾಡಿಕೆ. ಆದರೆ ಗಾಡಿಗಳ ಉಸ್ತುವಾರಿಯ ಓವರ್‌ಸಿಯರ್ ಪಾರ್ಥಸಾರಥಿ ಕಾಗದದಲ್ಲಿ ಬರೆದದ್ದನ್ನು ನಂಬುವ ಮನುಷ್ಯ. ಕಚೇರಿಯ ಜೀಪನ್ನು ಬಿಟ್ಟು ಅವತ್ತಿನಿಂದಲೇ ಸೈಕಲ್ ತುಳಿಯಲು ಶುರು ಮಾಡಿದರು. ಟೈರುಗಳಿಗೆ ಗಾಳಿ ತುಂಬಿಸಿದರು. ಗಾಡಿ ನಿಂತ ಕಡೆ ಇಂಜಿನ್ ಆರಿಸಲೇಬೇಕು ಎಂದರು. ಮನೆಯಿಂದ ಹಳೇ ಪಂಚೆಯ ಚೂರು ತಂದು ಒಂದೊಂದೇ ಗಾಡಿಯ ಹೊಗೆ ಕೊಳವೆಗೆ ಹಿಡಿದು, ಮಸಿಯಾದ ಬಟ್ಟೆಯನ್ನು ಎಲ್ಲರ ಮುಖಕ್ಕೂ ತೋರಿಸಿದರು.

"ಕಪ್ಪು ಹೊಗೆ ಅಂದ್ರೆ ಏನು ಗೊತ್ತೇನ್ರಯ್ಯಾ? ಉರೀದೇ ಹೋದ ಡೀಸೆಲ್ಲು. ನಮಗೂ ನಷ್ಟ, ಉಸಿರಾಡೋ ಜನಕ್ಕೂ ಕೇಡು."

ಗಾಡಿಗಳ ಮೈಲಿ ಮೀಟರುಗಳೆಲ್ಲ ಕೆಟ್ಟು ಬಹಳ ಕಾಲವಾಗಿತ್ತು. ಅದಕ್ಕೆ ಪಾರ್ಥಸಾರಥಿ ಒಂದು ಬಿದಿರ ಕಡ್ಡಿಗೆ ಕಚ್ಚು ಹಾಕಿ ಅಳತೆ ಮಾಡಿಕೊಂಡರು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಡೀಸೆಲ್ ಟ್ಯಾಂಕಿಗೆ ಇಳಿಸಿ ನೋಡುವುದು, ಖರ್ಚಾದ ಡೀಸೆಲ್ಲನ್ನು ಟ್ರಿಪ್ ಶೀಟಿನ ಮೈಲಿಗೆ ಹೋಲಿಸುವುದು. ಮಧ್ಯಾಹ್ನ ಡ್ರೈವರು ಬದಲಾಗುವ ಹೊತ್ತಿಗೆ ಅವರು ಊಟಕ್ಕೆ ಮನೆಗೆ ಹೋಗಿರುತ್ತಿದ್ದರು, ಆಗ ಕಡ್ಡಿ ಇಳಿಯುತ್ತಿರಲಿಲ್ಲ, ಯಾರ ಪಾಳಿಯಲ್ಲಿ ಎಷ್ಟು ಸುಟ್ಟಿತೆಂದು ತಿಳಿಯುತ್ತಿರಲಿಲ್ಲ. ಒಳ್ಳೆಯ ಮನುಷ್ಯ ಮಾಡಿದ ಎಡವಟ್ಟು ಅದು.

ಮೂರು ವಾರದಲ್ಲಿ ಕಸದ ಲಾರಿಯ ಖರ್ಚು ಇಳಿಯಿತು, ಹೊಗೆಯೂ ತೆಳುವಾಯಿತು. ನೀರಿನ ಲಾರಿಯದು ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ದಿನಕ್ಕೆ ಎರಡೂವರೆ ಲೀಟರ್ ಎಲ್ಲಿಗೋ ಹೋಗುತ್ತಿತ್ತು.

ಶೆಡ್ಡಿನವರಿಗೆ ಅದು ಎಲ್ಲಿಗೆ ಹೋಗುತ್ತಿದೆ ಎಂದು ಹೇಳಲು ಒಂದು ಗಳಿಗೆ ಸಾಕಾಯಿತು. ಚಲುವರಾಜುವಿನ ಅಣ್ಣ ಕಿರುಗಾವಲಿನಲ್ಲಿ ಗದ್ದೆಗೆ ಡೀಸೆಲ್ ಪಂಪು ಕೂರಿಸಿದ್ದ. ಬಂಕುಗಳಲ್ಲಿ ಡಬ್ಬ ಹಿಡಿದು ರೈತರು ಸಾಲು ನಿಲ್ಲುತ್ತಿದ್ದ ದಿನಗಳವು. ಇನ್ನೇನು ಬೇಕು? ನಿಂಗಯ್ಯನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಪಾರ್ಥಸಾರಥಿ ಚಲುವರಾಜುವನ್ನು ಎಲ್ಲರ ಮುಂದೆಯೇ ಕರೆದು ಕೇಳಿದರು. ಅವನು ಹೆಂಡತಿಯ ಮೇಲೆ ಆಣೆ ಇಟ್ಟ. ಅವರಿಗೆ ಆಣೆಗಿಂತ ಕಡ್ಡಿಯ ಮೇಲೆ ನಂಬಿಕೆ.

ಆ ಮಧ್ಯಾಹ್ನ ನಿಂಗಯ್ಯ ಗಡಿಕಲ್ಲಿನ ಹತ್ತಿರ ಇಂಜಿನ್ ಆರಿಸಿ ಬಹಳ ಹೊತ್ತು ಕೂತ. ಹೇಳಿಬಿಟ್ಟರೆ ಹನಕೆರೆ ರಸ್ತೆ ಮುಗಿಯಿತು. ಹೇಳದಿದ್ದರೆ ಚಲುವರಾಜುವಿನ ಕೆಲಸ ಹೋಗುತ್ತದೆ, ಕಳ್ಳ ಎಂಬ ಹೆಸರು ಜೊತೆಗೆ. ಅವನಿಗೆ ಮೂರನೆಯ ದಾರಿಯೊಂದು ಹೊಳೆಯಿತು. ನಾಲ್ಕು ದಿನ ಹೋಗದಿದ್ದರಾಯಿತು. ಲೆಕ್ಕ ಸರಿಹೋಗುತ್ತದೆ, ಎಲ್ಲರೂ ಮರೆಯುತ್ತಾರೆ, ಆಮೇಲೆ ನೋಡಿಕೊಂಡರಾಯಿತು. ಲಾರಿಯನ್ನು ಹಿಂದಕ್ಕೆ ತಿರುಗಿಸಿದ. ಜಗಲಿಯ ಮೇಲೆ ಸಾಲಾಗಿ ಇಟ್ಟಿರುವ ಬಿಂದಿಗೆಗಳೇ ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟಿದವು.

ಅವನ ಉಪಾಯ ಎಂಥಾದ್ದು ನೋಡಿ. ಎರಡೇ ದಿನದಲ್ಲಿ ಕಡ್ಡಿಯ ಅಳತೆ ಸರಿಹೋಯಿತು. ಶೆಡ್ಡಿನವರೆಲ್ಲ ತೊಡೆ ತಟ್ಟಿಕೊಂಡರು.

"ನೋಡುದ್ರಾ, ಕೇಳಿದ್ದೇ ತಡ ಕದಿಯಾದು ನಿಂತೋಯ್ತು. ಇನ್ನೇನ್ ಸಾಕ್ಸಿ ಬೇಕ್ಲಾ?" ಎಂದ ಕಸದ ಲಾರಿಯವನು.

ಪಾರ್ಥಸಾರಥಿಗೂ ಹಾಗೆಯೇ ಅನ್ನಿಸಿತು. ಚಲುವರಾಜುವನ್ನು ಕೆಲಸದಿಂದ ತೆಗೆಯಲು ಶನಿವಾರ ಬೆಳಗ್ಗೆ ಕಾಗದ ಬರೆಯಲು ಕೂತರು. ಚಲುವರಾಜು ಕಚೇರಿಯ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. ಲಾರಿಯನ್ನು ಹೊರಗೆ ನಿಲ್ಲಿಸಿ ಬಂದ ನಿಂಗಯ್ಯ ಅವನನ್ನು ದಾಟಿಕೊಂಡು ಒಳಗೆ ಹೋದ.

"ಚಲುವರಾಜು ಕದ್ದಿಲ್ಲ ಸ್ವಾಮಿ. ಡೀಸೆಲ್ ಸುಟ್ಟೋನು ನಾನು."

ಪಾರ್ಥಸಾರಥಿ ಪೆನ್ನು ಕೆಳಗಿಟ್ಟರು. ಅವನು ಹೇಳಿದ. ಗಡಿಕಲ್ಲಿನಿಂದ ಆಚೆಗೆ ಎರಡೂವರೆ ಮೈಲಿ, ಹಿಂದಕ್ಕೆ ಎರಡೂವರೆ ಮೈಲಿ, ದಿನಾಲೂ, ಒಂದು ವರ್ಷ. ಮೊನ್ನೆಯಿಂದ ಹೋಗಿಲ್ಲ, ಅದಕ್ಕೇ ಅಳತೆ ಸರಿಯಾಯಿತು.

"ಯಾತಕ್ಕೋಸ್ಕರ?"

"ನಾಕು ಮನೆ ಅವೆ ಸ್ವಾಮಿ. ಉಪ್ಪುನೀರು. ಬ್ಯಾಳೆ ಬೇಯಾಕಿಲ್ಲ."

ಜಗಲಿಯ ಮೇಲಿನ ಊಟದ ಮಾತನ್ನು ಅವನು ಎತ್ತಲಿಲ್ಲ. ಅದನ್ನು ಯಾರ ಮುಂದೆ ಹೇಗೆ ಹೇಳಿಕೊಳ್ಳುವುದು? ಪಾರ್ಥಸಾರಥಿ ಬರೆಯುತ್ತಿದ್ದ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು.

"ಅದು ನಮ್ಮ ಎಲ್ಲೆ ಅಲ್ಲ ನಿಂಗಯ್ಯ. ನೀರು ಬೇಕು ಅಂತ ಅವರ ಪರವಾಗಿ ತಾಲೂಕಿಗೆ ನಾನೇ ಬರೀತೀನಿ. ಆದ್ರೆ ಲಾರಿ ಇನ್ನು ಆ ಕಲ್ಲು ದಾಟಕೂಡದು."

ಚಲುವರಾಜುವಿನ ಕೆಲಸ ಉಳಿಯಿತು. ನಿಂಗಯ್ಯನ ಸರ್ವೀಸ್ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬಿತ್ತು. ಹೊರಗೆ ಬಂದಾಗ ಚಲುವರಾಜು ಎದ್ದು ನಿಂತಿದ್ದ.

"ಹೆಂಡ್ರು ಮ್ಯಾಲೆ ಆಣೆ ಇಕ್ದೆ. ಅದ ಕೇಳುಸ್ಕೊಂಡೂ ಸುಮ್ಕಿದ್ಯಲ್ಲ ನಿಂಗಣ್ಣ," ಎಂದ. ಅವತ್ತಿನಿಂದ ಚಲುವರಾಜು ಸಂಜೆ ಪಾಳಿ ಮುಗಿಸಿದಾಗ ಲಾರಿಯ ಕೀಲಿಯನ್ನು ಅವನ ಕೈಗೆ ಕೊಡದೆ ಮೊಳೆಗೆ ನೇತುಹಾಕಿ ಹೋಗತೊಡಗಿದ. ತಪ್ಪು ಚಲುವರಾಜುವಿನದಲ್ಲ.

ವಾರ ಕಳೆಯಿತು. ಹೋಗಿ ಹೇಳಿ ಬರಬೇಕು ಎಂದು ನಿಂಗಯ್ಯನಿಗೆ ದಿನಾ ಅನ್ನಿಸುತ್ತಿತ್ತು. ಹೇಳುವುದೊಂದು ನೆಪ, ಹೋಗಬೇಕು ಎನ್ನುವುದೇ ನಿಜ. ಭಾನುವಾರ ಪಾರ್ಥಸಾರಥಿಗಳ ಮನೆಗೆ ಹೋಗಿ ಸೈಕಲ್ ಕೇಳಿದ. "ಧಾರಾಳವಾಗಿ ತಗೊಂಡು ಹೋಗಪ್ಪ, ಅದಕ್ಕೇನು ಡೀಸೆಲ್ ಬೇಕೇ," ಎಂದು ಅವರು ಖುಷಿಯಿಂದಲೇ ಕೊಟ್ಟರು. ಬರಿಗೈಯಲ್ಲಿ ಹೋಗಲು ಮನಸ್ಸು ಬರದೆ ಸೀಮೆಎಣ್ಣೆಯ ಹಳೇ ಡಬ್ಬವನ್ನು ಬೂದಿ ಹಾಕಿ ನಾಲ್ಕು ಸಲ ಉಜ್ಜಿ, ಸಿಹಿನೀರು ತುಂಬಿ, ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟ. ಎದುರುಗಾಳಿ. ಉಬ್ಬಸ ಬಂದರೂ ಇಳಿಯಲಿಲ್ಲ. ಒಗೆದ ಅಂಗಿ ಹಾಕಿಕೊಂಡಿದ್ದ.

ಮುದ್ದಮ್ಮ ಜಗಲಿಯ ಮೇಲೆ ಹುರುಳಿ ಆರಿಸುತ್ತಿದ್ದಳು. ಪಕ್ಕದ ಬಾಗಿಲಲ್ಲಿ ಮರಿಯಯ್ಯ ನಿಂತಿದ್ದ, ಅವನ ಹಿಂದೆ ಅವನ ಹೆಂಡತಿ. ಆಚೆಯ ಎರಡು ಮನೆಯವರೂ ಹೊರಗೆ ಬಂದರು. ಯಾರೂ ಬಾ ಅನ್ನಲಿಲ್ಲ.

"ಗಾಡಿ ಇನ್ ಬರಾಕಿಲ್ಲ ಕಣವ್ವ. ಯೋಳೋಗಾನ ಅಂತ ಬಂದೆ," ಎಂದ ನಿಂಗಯ್ಯ. "ನಿನ್ಗೆ ಒಂದ್ ಡಬ್ಬ ನೀರು ತಂದಿವ್ನಿ."

ಮುದ್ದಮ್ಮ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ಅವನ ಬೆವರು, ಒಗೆದ ಅಂಗಿ, ಡಬ್ಬ ಎಲ್ಲವನ್ನೂ ನೋಡಿದಳು. ಹತ್ತಿರ ಬಂದು ದನಿ ತಗ್ಗಿಸಿ ಮಾತಾಡಿದಳು.

"ನಾಕು ಮನೆಗೂ ತಂದಾಗ ಅದು ನೀರಾಗಿತ್ತು ಕಣಣ್ಣ. ಯಾರೂ ಏನೂ ಅನ್ನಲಿಲ್ಲ. ಒಂದು ಮನೆಗೇ ತಂದ್ರೆ ಅದು ಬ್ಯಾರೆ ಆಯ್ತದೆ. ಗಾಡಿ ನಿಂತ ಮಾರ್ನೇ ದಿನದಿಂದ್ಲೇ ಆಡ್ಕೊಳ್ಳಾಕೆ ಸುರು ಮಾಡವ್ರೆ. ನಾನು ಇವರ ಮಧ್ಯ ಬಾಳ್ಬೇಕು."

"ನಾನು ಅಂಗೇನೂ..." ಎಂದ ಅವನು.

"ನಂಗೊತ್ತು. ನಂಗೂ ಆ ಒತ್ತಿಗೆ ರಸ್ತೆ ಕಡೀಗೇ ಕಣ್ಣು ಓಯ್ತದೆ. ಗಾಡಿ ನಿಂತಾಗ್ನಿಂದ ಮುದ್ದೆ ಎರಡು ಕಟ್ಟಿ ಒಂದ್ನ ದನಕ್ಕೆ ಆಕ್ತಿವ್ನಿ. ಇನ್ ಬರಬ್ಯಾಡ ಕಣಣ್ಣ."

ಅವನು ತಲೆಯಾಡಿಸಿದ. ಮುದ್ದಮ್ಮ ಕ್ಯಾರಿಯರಿನ ಹಗ್ಗ ತಾನೇ ಬಿಚ್ಚಿ, ಡಬ್ಬವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು, ಎಲ್ಲರೂ ನೋಡುತ್ತಿದ್ದ ಹಾಗೇ ಮರಿಯಯ್ಯನ ಅಂಗಳಕ್ಕೆ ನಡೆದಳು. ಅವರ ಹಂಡೆಗೆ ನೀರನ್ನೆಲ್ಲ ಸುರಿದಳು, ಒಂದು ತೊಟ್ಟನ್ನೂ ತನಗೆ ಇಟ್ಟುಕೊಳ್ಳಲಿಲ್ಲ. ಖಾಲಿ ಡಬ್ಬ ತಂದು ಅವನ ಕೈಗೆ ಕೊಟ್ಟು, ಮುಖ ನೋಡದೆ ಒಳಗೆ ಹೋದಳು.

ನಿಂಗಯ್ಯ ಡಬ್ಬವನ್ನು ಕಟ್ಟಿಕೊಂಡು ಸೈಕಲ್ ತಿರುಗಿಸಿದ. ಈಗ ಗಾಳಿ ಬೆನ್ನಿಗಿತ್ತು, ತುಳಿಯುವುದೇ ಬೇಡವಾಗಿತ್ತು. ಅರ್ಧ ಮೈಲಿ ಹೋದ ಮೇಲೆ ಅವನಿಗೆ ಅಳು ಬಂತು. ರಸ್ತೆಯಲ್ಲಿ ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಕಣ್ಣು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.